ಸುಮ್ಮನಿರುವ ರಕ್ತ

ಪ್ರಯೋಗಾಲಯದ ಉಗ್ರಾಣದ ಬೀಗಕ್ಕೆ ಬೀಗದಕೈ ಹೋಗದಿದ್ದಾಗ ಅವನು ಮೊದಲು ಅನುಮಾನಪಟ್ಟದ್ದು ಬೀಗದ ಮೇಲೆ. ಅದರ ಕಿಂಡಿಗೆ ಉಫ್ ಎಂದು ಊದಿದ, ಅಂಗೈಯಿಂದ ಕುಟ್ಟಿದ, ಮುಂಗೋಪದ ನೆಂಟನನ್ನು ಒಲಿಸುವವನಂತೆ ಮೆಲ್ಲಗೆ ಆಚೀಚೆ ತಿರುಗಿಸಿ ನೋಡಿದ. ಜಗ್ಗಲಿಲ್ಲ. ಕಡೆಗೆ ಕೈಯಲ್ಲಿದ್ದುದನ್ನು ಬೆಳಕಿಗೆ ಹಿಡಿದರೆ ಅದರ ಕೊರಳಿಗೆ ಕೆಂಪು ರಿಬ್ಬನ್ನಿನ ತುಂಡು ಕಟ್ಟಿತ್ತು. ಹೆಂಡತಿಯ ಹೊಲಿಗೆ ಅಂಗಡಿಯ ಬೀಗದಕೈ. ತನ್ನದು ಮನೆಯ ಮೇಜಿನ ಮೇಲೆಯೇ ಉಳಿದಿರಬೇಕು. ಬದಲಿ ಬೀಗದಕೈ ತಂದುಕೊಟ್ಟ ಕಾವಲುಗಾರ, "ಏನ್ ಸಾರ್, ನಿಮಗೂ ವಯಸ್ಸಾಯ್ತಾ?" ಎಂದು ಹಲ್ಲು ಬಿಟ್ಟ. "ನನಗಲ್ಲಪ್ಪ, ಬೀಗಕ್ಕೆ" ಎಂದು ಅವನು ಒಳಗೆ ಹೋಗಿ ದೀಪ ಹಾಕಿದ. ಯಾರಿಗಾದರೂ ಆಗುವಂಥದ್ದು. ಹೇಗೂ ಇವತ್ತು ಅವಳು ಅಂಗಡಿ ತೆಗೆಯುವುದಿಲ್ಲ. ಕಪಾಟಿನಲ್ಲಿ ಕೈಗವಸಿನ ಪೆಟ್ಟಿಗೆಗಳು, ಗಾಜಿನ ಸೀಸೆಗಳು, ಹನಿ ಎತ್ತಿ ಹಾಕುವ ಪಿಪೆಟ್ಟಿಗೆ ಸಿಕ್ಕಿಸುವ ತುದಿಗಳ ಡಬ್ಬಗಳು, ನಿನ್ನೆ ಬಿಟ್ಟುಹೋದ ಹಾಗೇ ಇದ್ದವು. ವಸ್ತುಗಳ ಈ ಗುಣ ಅವನಿಗೆ ಇಷ್ಟ. ಬಿಟ್ಟಲ್ಲೇ ಇರುತ್ತವೆ, ನಿನಗೆ ಏನೂ ಅನ್ನಿಸುವುದಿಲ್ಲವೇ ಎಂದು ಕೇಳುವುದಿಲ್ಲ.

ಅವಳು ಬೆಳಿಗ್ಗೆ ಕೇಳಿದ್ದಳು. ಕನ್ನಡಿಯ ಮುಂದೆ ನಿಂತು ಬಿಸಿನೀರು ಕುಡಿಯುತ್ತ, ಒಂದೇ ಸಾಲನ್ನು ಮತ್ತೆ ಮತ್ತೆ ಗುನುಗುತ್ತ, ಮೇಲಿನ ಸ್ವರ ಬರುವ ಜಾಗಕ್ಕೆ ಬಂದಾಗಲೆಲ್ಲ ಕೆಮ್ಮಿದ ಹಾಗೆ ಮಾಡಿ ತಪ್ಪಿಸಿಕೊಳ್ಳುತ್ತ. ಐವತ್ತು ದಾಟಿದ ಮೇಲೆ ಸಂಗೀತದ ಕ್ಲಾಸಿಗೆ ಸೇರಿದವಳು. ಹೊಲಿಗೆ ಯಂತ್ರದ ಗಡಗಡಕ್ಕೆ ತಾಳ ಕೂಡಿಸಿಕೊಂಡು ಕಲಿತವಳು. ಇವತ್ತು ಸಂಜೆ ಕ್ಲಾಸಿನವರ ಕಾರ್ಯಕ್ರಮದಲ್ಲಿ ಮೊದಲ ಸಲ ಒಬ್ಬಳೇ ಹಾಡಬೇಕು. "ರೀ, ನಿಮಗೆ ಏನೂ ಅನ್ನಿಸ್ತಿಲ್ವಾ?" "ಏನನ್ನಿಸಬೇಕು?" "ಒಂದು ಹಾಲ್ ತುಂಬ ಜನ. ಅರ್ಧದಲ್ಲಿ ಗಂಟಲು ಕಟ್ಟಿಬಿಟ್ರೆ?" "ಕಟ್ಟಿದ್ರೆ ನೀರು ಕುಡಿ." ಅವಳು ಕನ್ನಡಿಯೊಳಗಿನಿಂದಲೇ ಅವನನ್ನು ನೋಡಿದಳು. "ನಿಮ್ಮನ್ನ ಕಟ್ಟಿಕೊಳ್ಳೋ ಬದಲು ನಿಮ್ಮ ಆಫೀಸಿನ ಫ್ರಿಜ್ಜನ್ನ ಕಟ್ಟಿಕೊಂಡಿದ್ರೆ, ಬಾಗಿಲು ತೆಗೆದಾಗ ಒಳಗೆ ಲೈಟಾದ್ರೂ ಹತ್ತೋದು." ಅವನಿಗೆ ಅದು ಅನ್ಯಾಯ ಅನ್ನಿಸಿತು. ಗಂಟಲು ಕಟ್ಟಿದರೆ ನೀರಲ್ಲದೆ ಮತ್ತೇನು ಕುಡಿಯುತ್ತಾರೆ? ಅವನು ಹೇಳಿದ್ದು ಸರಿಯಾದ ಮಾತು. ಸರಿಯಾದ ಮಾತನ್ನೇ ಹೇಳುತ್ತ ಬಂದ ಗಂಡನ ಮೇಲೆ ಅವಳಿಗೆ ಮೂವತ್ತು ವರ್ಷದ ಸಿಟ್ಟು ಹೇಗೆ ಕೂಡಿತೋ ಅವನಿಗೆ ತಿಳಿಯದು.

ತಣ್ಣಗಿರುವ ಅವನ ಸ್ವಭಾವಕ್ಕೆ ಮನೆಯಲ್ಲಿ ಬೈಗುಳ ಸಿಕ್ಕರೆ ಪ್ರಯೋಗಾಲಯದಲ್ಲಿ ಮರ್ಯಾದೆ ಸಿಕ್ಕುತ್ತಿತ್ತು. ಅಲ್ಲಿ ನಡೆಯುವ ಕೆಲಸವನ್ನು ಅವನಿಗೆ ತಿಳಿಹೇಳಿದವಳು ಗಿರಗಿಟ್ಲೆ. ಸಂಶೋಧನೆ ಮಾಡುತ್ತಿದ್ದ ಆ ಹುಡುಗಿ ಕಾರಿಡಾರಿನಲ್ಲಿ ನಡೆದದ್ದನ್ನು ಯಾರೂ ನೋಡಿರಲಿಲ್ಲ, ಸುತ್ತುವುದೇ. ಹಾಗಾಗಿ ಆ ಹೆಸರು. "ಅಂಕಲ್, ನಿಮ್ಮ ಬಿಳಿ ರಕ್ತಕಣ ಒಂದು ಮನೆ ಅಂದ್ಕೊಳ್ಳಿ. ಭಯ ಆದಾಗ ಮೈಯೊಳಗಿಂದ ಒಂದು ಹಾರ್ಮೋನು ಹೊರಟು ರಕ್ತದಲ್ಲಿ ಬರುತ್ತೆ. ಅದು ಮನೆ ಒಳಗೆ ಕಾಲಿಡೋದೇ ಇಲ್ಲ. ಬಾಗಿಲಲ್ಲಿ ನಿಂತು ಬೆಲ್ ಒತ್ತುತ್ತೆ, ಅಷ್ಟೆ. ಬಾಗಿಲ ಪಕ್ಕ ಕೂತವನು ಎದ್ದು ಒಳಗೆ ಮಲಗಿದವನನ್ನ ಎಬ್ಬಿಸ್ತಾನೆ. ಅವನು ಹತ್ತು ಜನರನ್ನ ಕೂಗ್ತಾನೆ. ಆ ಹತ್ತು ಜನ ನೂರು ಜನರನ್ನ. ಕಡೆಗೆ ಒಳಕೋಣೆವರೆಗೆ ಸುದ್ದಿ ಮುಟ್ಟಿ ಇಡೀ ಮನೆ ಎದ್ದು ಕೂರುತ್ತೆ." "ಅಷ್ಟು ಹೊತ್ತಿಗೆ ಬೆಲ್ ಒತ್ತಿದವನು?" "ಹೋಗಿರ್ತಾನೆ." "ಇದು ನಮ್ಮ ಬೀದಿ ಮಕ್ಕಳ ಆಟ ಕಣಮ್ಮ." ಗಿರಗಿಟ್ಲೆ ನಕ್ಕು, ಇನ್ನೊಂದು ಹಾರ್ಮೋನಿನ ವಿಷಯ ಹೇಳಿದ್ದಳು. ಅದು ನಿಧಾನಸ್ಥ, ಬೆಲ್ಲಿನ ಗೊಡವೆಯೇ ಇಲ್ಲ, ಗೋಡೆಯಲ್ಲೇ ತೂರಿಕೊಂಡು ಸೀದಾ ಒಳಕೋಣೆಗೆ ಹೋಗಿ ಯಜಮಾನಿಕೆಗೆ ಕೂತುಬಿಡುತ್ತದೆ. "ನಮ್ಮ ದೊಡ್ಡಕ್ಕ" ಎಂದಿದ್ದ ಅವನು.

ಈ ಎಬ್ಬಿಸಾಟವನ್ನು ಅಳೆಯಬೇಕೆಂದರೆ ಮೊದಲು ಮಲಗಿದ ಮನೆಯೊಂದು ಬೇಕಲ್ಲ. ಅದಕ್ಕೆ ಅವನ ರಕ್ತ ಒದಗುತ್ತಿತ್ತು. ತೋಳಿನಿಂದ ತೆಗೆದ ರಕ್ತವನ್ನು ಎರಡು ಟ್ಯೂಬಿಗೆ ಹಾಕುತ್ತಿದ್ದರು. ಒಂದಕ್ಕೆ, ಕಣಗಳನ್ನು ಇದ್ದದ್ದು ಇದ್ದ ಹಾಗೇ ನಿಲ್ಲಿಸಿಬಿಡುವ ದ್ರವ. ಅದಕ್ಕೆ 'ಸುಮ್ಮನೆ ಟ್ಯೂಬು' ಎಂದು ಹೆಸರು. ಇನ್ನೊಂದಕ್ಕೆ ಮೊದಲು ಹಾರ್ಮೋನಿನ ಒಂದು ಹನಿ, ಸ್ವಲ್ಪ ಹೊತ್ತು ಬಿಟ್ಟು ಆ ದ್ರವ. ಅದು 'ಹನಿ ಟ್ಯೂಬು'. ಆಮೇಲೆ ಬಣ್ಣ ಹಾಕಿ ಯಂತ್ರಕ್ಕೆ ಕೊಟ್ಟರೆ ಎಚ್ಚೆತ್ತ ಕಣಗಳು ಬೆಳಗುತ್ತಿದ್ದವು, ಮಲಗಿದವು ಕತ್ತಲಾಗಿರುತ್ತಿದ್ದವು. ಬೇರೆಯವರ ರಕ್ತವನ್ನು ನಂಬುವಂತಿರಲಿಲ್ಲ. ಒಬ್ಬ ಕಾಫಿ ಕುಡಿದು ಬಂದಿರುತ್ತಿದ್ದ, ಇನ್ನೊಬ್ಬ ಬಸ್ಸಿನವನ ಜೊತೆ ಜಗಳಾಡಿ ಬಂದಿರುತ್ತಿದ್ದ, ಮತ್ತೊಬ್ಬಳು ಸೂಜಿ ಕಂಡರೇ ಬಿಳಿಚಿಕೊಳ್ಳುತ್ತಿದ್ದಳು. ಅವನು ಮಾತ್ರ ಕಿಟಕಿಯ ಪಕ್ಕದ ಹಸಿರು ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಉಗ್ರಾಣದ ಕಪಾಟು ಜೋಡಿಸುತ್ತಿದ್ದ. ಮೇಲಿನ ಸಾಲು ಮುಗಿಯುವಷ್ಟರಲ್ಲಿ ಅವನ ರಕ್ತ ನಿಂತ ಕೆರೆ. ಎಲ್ಲರೂ ಅವನನ್ನು 'ತಣ್ಣೀರು' ಎನ್ನುತ್ತಿದ್ದರು, ಪ್ರೀತಿಯಿಂದಲೇ. ಒಮ್ಮೆ ಹೊರಗಿನಿಂದ ಬಂದ ದೊಡ್ಡವರಿಗೆ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಅವನನ್ನು ತೋರಿಸಿ, "ಇವರೇ ನಮ್ಮ ಸೊನ್ನೆ" ಎಂದಿದ್ದರು. ಅಂದರೆ ಎಲ್ಲ ಅಳತೆ ಶುರುವಾಗುವ ಜಾಗ. ಅವನು ಕೈಮುಗಿದು ನಕ್ಕಿದ್ದ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಮಾತ್ರ ಆ ನಗುವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಹೆಂಡತಿಗೆ ಅದನ್ನು ಹೇಳಲಿಲ್ಲ. ಹೇಳಿದರೆ 'ಗೊತ್ತಿದ್ದದ್ದೇ' ಅನ್ನುತ್ತಿದ್ದಳು.

ಇವತ್ತೂ ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಗಿರಗಿಟ್ಲೆಗೆ ರಕ್ತ ಕೊಟ್ಟು ಬಂದಿದ್ದ. ಮಧ್ಯಾಹ್ನ ಊಟದ ಡಬ್ಬಿ ತೊಳೆಯುತ್ತಿದ್ದಾಗ ಯಂತ್ರದ ಕೋಣೆಯಿಂದ ಕರೆ ಬಂತು. ಒಳಗೆ ಮೇಡಂ ಪರದೆಯ ಮುಂದೆ ಕೈಕಟ್ಟಿ ನಿಂತಿದ್ದರು. ಗಿರಗಿಟ್ಲೆ ನಿಂತೇಬಿಟ್ಟಿದ್ದಳು, ಅದೇ ಅವನಿಗೆ ಮೊದಲು ಕಂಡದ್ದು. ಅಷ್ಟು ಅಲ್ಲಾಡದೆ ಅವಳು ನಿಂತಿದ್ದನ್ನು ಅವನು ಕಂಡಿರಲಿಲ್ಲ. "ಹನಿ ಟ್ಯೂಬು ಬೆಳಗಿದೆ, ಸರಿ" ಎಂದರು ಮೇಡಂ. "ಸುಮ್ಮನೆ ಟ್ಯೂಬು ಯಾಕೆ ಮದುವೆಮನೆ ಥರ ಬೆಳಗ್ತಿದೆ? ಹಾರ್ಮೋನಿಗೆ ಅದ್ದಿದ ಪಿಪೆಟ್ಟಿನ ತುದಿಯನ್ನೇ ಇದಕ್ಕೂ ಅದ್ದಿದೀಯ."

"ಇಲ್ಲ ಮೇಡಂ. ತುದಿ ಬದಲಾಯಿಸಿದ್ದೆ."

"ಬದಲಾಯಿಸಿದ್ದು ನೆನಪಿದೆಯಾ, ಇಲ್ಲಾ ಯಾವಾಗ್ಲೂ ಬದಲಾಯಿಸ್ತೀನಿ ಅನ್ನೋ ನಂಬಿಕೆಯಾ?"

ಗಿರಗಿಟ್ಲೆ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಅವಳ ಕಷ್ಟ ಅವನಿಗೆ ಅರ್ಥವಾಯಿತು. ಬೆಳಿಗ್ಗೆ ಮನೆಯ ಬಾಗಿಲು ಹಾಕಿ ಬಂದದ್ದು ನೆನಪಿದೆಯೇ ಎಂದು ಯಾರಾದರೂ ಕೇಳಿದರೆ ಅವನೂ ಹೀಗೇ ನಿಲ್ಲುತ್ತಾನೆ. ಕೈ ಮಾಡಿದ ಕೆಲಸಕ್ಕೆ ತಲೆ ಸಾಕ್ಷಿ ಹೇಳಲಾರದು. ಮೇಡಂ ಕೂಗಾಡುವವರಲ್ಲ. ಅವರು ದನಿ ತಗ್ಗಿಸಿದಷ್ಟೂ ಎದುರಿಗಿದ್ದವರು ಕುಗ್ಗುತ್ತಿದ್ದರು. "ಇವತ್ತು ಹೀಗಾಗಿದೆ ಅಂದ್ರೆ ಹಿಂದೆ ಎಷ್ಟು ದಿನ ಆಗಿದೆಯೋ. ನೀನು ಈ ವರ್ಷ ಮಾಡಿದ್ದನ್ನೆಲ್ಲ ನಾನು ಬದಿಗಿಡಬೇಕಾಗುತ್ತೆ. ನಾಳೆಯಿಂದ ಟ್ಯೂಬ್ ಮುಟ್ಟಬೇಡ." ಆಮೇಲೆ ಅವನ ಕಡೆ ತಿರುಗಿ, "ನೀವೇ ಹೇಳಿ ಇವ್ರೇ. ಬೆಳಿಗ್ಗೆ ಜ್ವರ, ಜಗಳ, ಓಡಿ ಬಂದಿದ್ದು, ಏನಾದ್ರೂ?"

"ಏನೂ ಇಲ್ಲ ಮೇಡಂ. ಎಂದಿನ ಹಾಗೇ."

ಅವನು ಸತ್ಯವನ್ನೇ ಹೇಳಿದ್ದ, ಅವನಿಗೆ ತಿಳಿದಷ್ಟು. ಆದರೆ ಆ ಮಾತು ಬಾಯಿಂದ ಹೊರಬಿದ್ದ ಕೂಡಲೇ ಗಿರಗಿಟ್ಲೆಯ ಮುಖದಲ್ಲಿ ಏನೋ ಮುಚ್ಚಿಕೊಂಡಿತು. ಅವಳು ಅವನನ್ನೇ ನೋಡುತ್ತಿದ್ದಳು. ಬೈಯುವ ನೋಟವಲ್ಲ, ಬಾವಿಯಲ್ಲಿದ್ದವಳು ಹಗ್ಗ ಮೇಲೆ ಹೋಗುವುದನ್ನು ನೋಡುವ ನೋಟ. ಮೇಡಂ, "ಹಾಗಾದ್ರೆ ಇನ್ನೊಂದು ಸಲ ನೋಡೇಬಿಡೋಣ. ಈಗ ರಕ್ತ ತೆಗೆಯೋದೂ ನಾನೇ, ಹಾಕೋದೂ ನಾನೇ. ರಕ್ತ ಸುಮ್ಮನಿದ್ರೆ ತಪ್ಪು ಇವಳದ್ದು" ಎಂದರು. ಅವನು ಹೋಗಿ ಹಸಿರು ಕುರ್ಚಿಯಲ್ಲಿ ಕೂತ.

ಕಣ್ಣು ಮುಚ್ಚಿ ಕಪಾಟಿನ ಮೇಲಿನ ಸಾಲು ಜೋಡಿಸತೊಡಗಿದ. ಕೈಗವಸು, ದೊಡ್ಡದು. ಕೈಗವಸು, ಚಿಕ್ಕದು. ಸೀಸೆ. ಸೀಸೆಯ ಹಿಂದೆ ಒಂದು ಲೋಟ ಬಿಸಿನೀರು ಯಾರಿಟ್ಟರು? ತುದಿಗಳ ಡಬ್ಬ. ಡಬ್ಬದ ಹಿಂದಿನಿಂದ ಆ ಸಾಲು, ಮೇಲಿನ ಸ್ವರದ ಹತ್ತಿರ ಬಂದು ಕೆಮ್ಮಾಗುವುದು. ಅವನು ಮತ್ತೆ ಮೊದಲಿಂದ ಶುರುಮಾಡಿದ. ಆ ಸ್ವರ ಅವಳಿಗೆ ಮನೆಯಲ್ಲಿ ಬರುತ್ತದೆ, ಯಂತ್ರ ತುಳಿಯುವಾಗ ಬರುತ್ತದೆ, ಸ್ನಾನದ ಮನೆಯಲ್ಲಂತೂ ಗೋಡೆ ನಡುಗುವ ಹಾಗೆ ಬರುತ್ತದೆ. ಯಾರಾದರೂ ಕೇಳುತ್ತಿದ್ದಾರೆ ಎಂದು ಗೊತ್ತಾದರೆ ಬರುವುದಿಲ್ಲ. ಅವನು ಬಾಗಿಲ ಹೊರಗೆ ಪೇಪರ್ ಹಿಡಿದು ಕೂತು ಅದು ಬರುವವರೆಗೆ ಉಸಿರು ಬಿಗಿಹಿಡಿದಿರುತ್ತಿದ್ದ. ಬಂದ ಮೇಲೆ ಪುಟ ತಿರುಗಿಸುತ್ತಿದ್ದ. ಮೊದಲ ಪುಟದಲ್ಲಿ ಏನಿತ್ತು ಎಂದು ಕೇಳಿದ್ದರೆ ಯಾವತ್ತೂ ಹೇಳಲಾಗುತ್ತಿರಲಿಲ್ಲ. ಈ ಉಸಿರು ಹಿಡಿಯುವುದಕ್ಕೆ ಹೆಸರೇನು? ಮಗಳು ಉಯ್ಯಾಲೆಯಿಂದ ಬಿದ್ದು ಹಣೆ ಒಡೆದುಕೊಂಡ ದಿನ ಅವನು ಕರ್ಚೀಫು ಕಟ್ಟಿ, ಅವಳನ್ನೆತ್ತಿಕೊಂಡು ಆಸ್ಪತ್ರೆಗೆ ನಡೆದಿದ್ದ. ಹಿಂದೆ ಅಳುತ್ತ ಓಡಿಬಂದ ಹೆಂಡತಿ ಆ ನಡಿಗೆಯನ್ನು ಇವತ್ತಿಗೂ ಮರೆತಿಲ್ಲ. "ತರಕಾರಿ ತರೋಕೆ ಹೋಗೋ ಹಾಗೆ ಹೋದ್ರಿ. ಒಂದು ಹೆಜ್ಜೆ ಜೋರಾಗಿ ಇಟ್ರಾ?" ಇಡಲಿಲ್ಲ, ನಿಜ. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಕಾಲು ನೋಡಿಕೊಂಡಾಗ ಒಂದರಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಹೆಂಡತಿಯ ಹಿಮ್ಮಡಿ ಎತ್ತರದ ಚಪ್ಪಲಿ. ಅದನ್ನು ಹಾಕಿಕೊಂಡು ಮಗುವನ್ನೂ ಎತ್ತಿಕೊಂಡು ಜೋರಾಗಿ ಹೇಗೆ ನಡೆಯುವುದು? ನಾಚಿಕೆಯಾಗಿ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡಿದ್ದ. ಮನೆಗೆ ಬಂದವನೇ ಚಪ್ಪಲಿಯನ್ನು ಅದರ ಜೋಡಿಯ ಪಕ್ಕ ಇಟ್ಟು ಸುಮ್ಮನಾಗಿದ್ದ. ಆವತ್ತು ಯಾರೂ ಅವನ ರಕ್ತ ತೆಗೆದು ನೋಡಲಿಲ್ಲ. ತೊಡೆಗೆ ಏನೋ ಚುಚ್ಚಿತು. ಜೇಬಿಗೆ ಕೈಹಾಕಿದ. ಕೆಂಪು ರಿಬ್ಬನ್ನು.

ಅವನು ಕಣ್ಣು ಬಿಟ್ಟ. ಚಪ್ಪಲಿ ಅವಳದ್ದು, ಬೀಗದಕೈ ಅವಳದ್ದು. ತನ್ನವರಿಗೆ ಏನಾದರೂ ಆದೀತು ಎನ್ನುವಾಗ ತನ್ನ ಕೈಕಾಲುಗಳು ತನ್ನನ್ನು ಕೇಳದೆಯೇ ಅವಳ ಸಾಮಾನನ್ನು ಹಿಡಿದುಕೊಂಡು ಹೊರಟುಬಿಡುತ್ತವೆ. ಯಾರೋ ಬೆಲ್ ಒತ್ತಿ ಹೋಗಿದ್ದಾರೆ. ಮನೆಯೊಳಗೆಲ್ಲ ಜನ ಎದ್ದು ಓಡಾಡುತ್ತಿದ್ದಾರೆ. ಯಜಮಾನನೊಬ್ಬ ಮಾತ್ರ ಹಿಂದಿನ ಕೋಣೆಯಲ್ಲಿ ಕಪಾಟು ಜೋಡಿಸುತ್ತ ಕೂತು, ನಮ್ಮ ಮನೆ ಎಷ್ಟು ಪ್ರಶಾಂತ ಅಂದುಕೊಂಡಿದ್ದಾನೆ. ಅವನಿಗೆ ನಗು ಬಂತು. ಹೇಳಬೇಕು. ಹೇಳಿದರೆ ಈ ಕುರ್ಚಿ ಹೋಯಿತು. ಇಷ್ಟು ವರ್ಷ ಇಲ್ಲಿ ಅವನಿಗಿದ್ದ ಬೆಲೆಯೇ ಸೊನ್ನೆಯಾಗಿರುವುದು. ನಾಳೆಯಿಂದ ಬರೀ ಉಗ್ರಾಣದವನು. ಅದಕ್ಕಿಂತ ಹೆಚ್ಚಿನ ನಾಚಿಕೆ, ಹೇಳಬೇಕಾದ ಕಾರಣದ್ದು. ಈ ವಯಸ್ಸಿನಲ್ಲಿ, ಈ ಹೊಟ್ಟೆ ಇಟ್ಟುಕೊಂಡು. ಹೇಳದಿದ್ದರೂ ರಕ್ತವೇ ಹೇಳೀತು ಎಂದು ಒಂದು ಮನಸ್ಸು. ರಕ್ತ ಹೇಳದೆ ಹೋದರೆ? ಕುರ್ಚಿಯ ಅಭ್ಯಾಸಬಲದಿಂದ ಈಗ ತಣ್ಣಗಾಗಿಬಿಟ್ಟರೆ? ಗೋಡೆಯ ಬಳಿ ಗಿರಗಿಟ್ಲೆ ತನ್ನ ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನಿಂತಿದ್ದಳು, ಬೇರೆ ಯಾರದ್ದೋ ಕೈಗಳನ್ನು ಬಚ್ಚಿಟ್ಟವಳ ಹಾಗೆ.

"ಮೇಡಂ, ತಡೀರಿ. ಬೆಳಿಗ್ಗೆ ಏನೂ ಆಗಿಲ್ಲ ಅಂದೆನಲ್ಲ, ಅದು ಸುಳ್ಳು. ಸುಳ್ಳು ಅಂತ ನನಗೂ ಈಗಲೇ ಗೊತ್ತಾಗಿದ್ದು."

ಮೇಡಂ ಸೂಜಿ ಕೆಳಗಿಟ್ಟರು. "ಏನಾಗಿತ್ತು?"

"ನನ್ನ ಹೆಂಡತಿ ಸಂಜೆ ಹಾಡ್ತಾಳೆ."

"ಅದಕ್ಕೆ?"

"ಅಷ್ಟೇ ಮೇಡಂ."

"ಹಾಡೋದು ಅವರು."

"ಹೌದು."

"ಭಯ ನಿಮಗೆ."

"ಹಾಗೇ ಕಾಣುತ್ತೆ."

ರಕ್ತ ತಿರುಗಿಸುವ ಯಂತ್ರದ ಹಿಂದೆ ಯಾರೋ ಕಿಸಕ್ಕೆಂದರು. ಇನ್ನೊಬ್ಬರು, "ತಣ್ಣೀರು ಕುದೀತಪ್ಪೋ!" ಎಂದರು. ಅವನ ಕಿವಿ ಬಿಸಿಯಾಯಿತು. ಮೇಡಂ ಆ ಕಡೆ ಒಮ್ಮೆ ನೋಡಿದರು, ನಗು ನಿಂತಿತು. "ಮಾತು ಮಾತೇ, ಅಳತೆ ಅಳತೆಯೇ. ತೋಳು ಕೊಡಿ ಇವ್ರೇ." ಅವರೇ ತೆಗೆದರು, ಅವರೇ ಎರಡು ಟ್ಯೂಬಿಗೆ ಹಾಕಿದರು. ಹೊಸ ತುದಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿಹಿಡಿದು ಹಾಕಿದರು. ಆಮೇಲಿನ ಕಾಯುವಿಕೆಯಲ್ಲಿ ಅವನಿಗೆ ವಿಚಿತ್ರವಾದ ಆಸೆ ಹುಟ್ಟಿತು. ಪರೀಕ್ಷೆ ಬರೆದು ಬಂದ ಹುಡುಗನ ಹಾಗೆ, ದೇವರೇ ಬೆಳಗಲಿ, ಬೆಳಗಲಿ ಎಂದು ಅವನು ತನ್ನ ರಕ್ತವನ್ನೇ ಬೇಡಿಕೊಂಡ. ಗಿರಗಿಟ್ಲೆಯ ಸಲುವಾಗಿ ಎಂದುಕೊಂಡ. ಪೂರ್ತಿ ಅವಳ ಸಲುವಾಗಿಯೇ ಅಲ್ಲ ಎನ್ನುವುದೂ ಗೊತ್ತಿತ್ತು.

ಪರದೆಯ ಮೇಲೆ ಸುಮ್ಮನೆ ಟ್ಯೂಬಿನ ಗೆರೆ ಬೆಳಗಿನದಕ್ಕಿಂತ ಎತ್ತರಕ್ಕೆ ಎದ್ದು ನಿಂತಿತು. ಮೇಡಂ ಬಹಳ ಹೊತ್ತು ಅದನ್ನು ನೋಡಿದರು. ಆಮೇಲೆ ಗಿರಗಿಟ್ಲೆಯ ಕಡೆ ತಿರುಗದೆಯೇ, "ತುದಿ ಬದಲಾಯಿಸಿದ್ದೆ ಅಂತ ಜೋರಾಗಿ ಹೇಳಬೇಕಿತ್ತು ನೀನು" ಎಂದರು.

"ಜೋರಾಗೇ ಹೇಳಿದ್ದೆ ಮೇಡಂ."

"ಹಾಗಾದ್ರೆ ನಾನು ಕೇಳಿಸಿಕೊಳ್ಳಬೇಕಿತ್ತು." ಆ ಮಾತು ಹೊರಬರಲು ಅವರಿಗೆ ಎಷ್ಟು ಕಷ್ಟವಾಯಿತೆಂದರೆ ಅವನು ಗೌರವದಿಂದ ಬೇರೆ ಕಡೆ ನೋಡಿದ. "ನಾಳೆ ಬೇಗ ಬಾ. ಬೇರೆಯವರ ರಕ್ತದಲ್ಲಿ ಮತ್ತೆ ಶುರು ಮಾಡೋಣ. ಇವ್ರೇ, ನಿಮ್ಮನ್ನ ಇನ್ನು ಸೊನ್ನೆ ಅನ್ನೋಕಾಗಲ್ಲ."

"ಅನ್ನಬೇಡಿ ಮೇಡಂ."

"ಹಾಡು ಎಷ್ಟು ಹೊತ್ತಿಗೆ? ಮತ್ತೆ ಇಲ್ಲೇನು ಮಾಡ್ತಿದೀರ? ಹೊರಡಿ!"

ಹೊರಡುವ ಮುಂಚೆ ಗಿರಗಿಟ್ಲೆ ಅವನ ಕೈ ಹಿಡಿದೆಳೆದುಕೊಂಡು ಹೋಗಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಮತ್ತೆ ಸುತ್ತತೊಡಗಿದ್ದಳು. ಅವನು ಕಣ್ಣಿಟ್ಟ. ಮೊದಲು ಕತ್ತಲೆ, ತನ್ನದೇ ರೆಪ್ಪೆಯ ಕೂದಲು. ಆಮೇಲೆ ಒಂದೊಂದಾಗಿ, ದೂರದ ಗುಡ್ಡದ ಮೇಲಿನ ಮನೆಗಳ ಹಾಗೆ, ಹಸಿರು ದೀಪಗಳು. "ಇವೆಲ್ಲ ನಾನೇನಾ?" "ನೀವೇ ಅಂಕಲ್. ಮನೆತುಂಬ ಲೈಟು!" ಅವನು ಕಣ್ಣು ತೆಗೆಯಲಿಲ್ಲ. ಫ್ರಿಜ್ಜಿಗೆ ಇಷ್ಟು ದೀಪ ಇರುವುದಿಲ್ಲ ಎಂದುಕೊಂಡ. "ಅಂಕಲ್, ಅಳ್ತಿದೀರಾ?" "ಇಲ್ಲಮ್ಮ, ಗಾಜು ಮಸುಕಾಗಿದೆ. ಉಗ್ರಾಣದಲ್ಲಿ ಒರೆಸೋ ಬಟ್ಟೆ ಇದೆ, ತಗೊಂಡು ಒರೆಸು."

ಹಾಲಿನ ಹಿಂದಿನ ಕೋಣೆಯಲ್ಲಿ ಹೆಂಡತಿ ಮಡಚುವ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಕೈಯಲ್ಲಿ ನೀರಿನ ಬಾಟಲಿ. ಅವನ ಮಾತಿನಂತೆ ತಂದಿದ್ದಳು, ಆದರೆ ಮುಚ್ಚಳವನ್ನೇ ತೆಗೆದಿರಲಿಲ್ಲ. ಅವನನ್ನು ಕಂಡು, "ನಿಮ್ಮ ಬೀಗದಕೈ ನನ್ನ ಬ್ಯಾಗಲ್ಲಿದೆ. ಬೆಳಿಗ್ಗೆ ಬರಿಗೈಲಿ ಹೋದ್ರಾ?" ಎಂದಳು.

"ನಿನ್ನದನ್ನ ತಗೊಂಡು ಹೋಗಿದ್ದೆ." ಅವನು ಕೆಂಪು ರಿಬ್ಬನ್ನು ಹೊರತೆಗೆದ. ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆಲ್ಲ ಬಿದ್ದುಹೋಯಿತು. ಶರ್ಟಿನ ತೋಳು ಮಡಚಿ, ಎರಡು ಕಡೆ ಹತ್ತಿ ಅಂಟಿಸಿದ ತೋಳನ್ನು ಅವಳ ಮುಂದೆ ಹಿಡಿದ. "ಇವತ್ತು ಎರಡು ಸಲ ತೆಗೆದ್ರು. ಎರಡು ಸಲವೂ ನನ್ನ ರಕ್ತ ಹಾಳು."

"ಅಯ್ಯೋ! ಏನಾಗಿದೆ?" ಅವಳು ಎದ್ದೇಬಿಟ್ಟಳು.

"ಏನಿಲ್ಲ, ಕೂತ್ಕೋ. ಭಯ ಅಂತೆ. ಯಂತ್ರ ಹೇಳ್ತು. ನಿನ್ನ ಹಾಡಿಗೆ." ಅವಳು ನಂಬದೆ ನೋಡುತ್ತಲೇ ಇದ್ದಳು. "ಆ ದಿನ ಆಸ್ಪತ್ರೆಗೆ ನಿಧಾನವಾಗಿ ನಡೆದೆ ಅಂತೀಯಲ್ಲ. ಒಂದು ಕಾಲಲ್ಲಿ ನಿನ್ನ ಚಪ್ಪಲಿ ಇತ್ತು. ಎತ್ತರದ ಹಿಮ್ಮಡಿದು."

ಅವಳು ಅವನ ಕಾಲುಗಳ ಕಡೆ ನೋಡಿದಳು. ಆಮೇಲೆ ನಗು ಬಂತು. ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲದ, ಪಕ್ಕದ ಗಾಯಕಿಯರು ತಿರುಗಿ ನೋಡುವಂಥ ನಗು. "ಹಿಮ್ಮಡಿದಾ? ಆ ಕಂದುಬಣ್ಣದ್ದಾ? ಅಷ್ಟು ದೂರ? ಇಷ್ಟು ವರ್ಷ ಬಾಯಿಬಿಡದೆ ಬೈಸಿಕೊಂಡ್ರಲ್ರೀ!" ಕಣ್ಣೊರೆಸಿಕೊಂಡಳು. ಮತ್ತೆ ನಕ್ಕಳು. ಬಾಟಲಿಯ ಮುಚ್ಚಳ ತೆಗೆದು ಗಟಗಟ ಕುಡಿದಳು. ಹೊರಗಿನಿಂದ ಯಾರೋ ಅವಳ ಸರದಿ ಎಂದು ಕೂಗಿದರು. ಅವಳು ಬ್ಯಾಗನ್ನು ಅವನ ಹೆಗಲಿಗೆ ಹಾಕಿದಳು, ಕನ್ನಡಕ ತೆಗೆದು ಅವನ ಕೈಗೆ ಕೊಟ್ಟಳು. "ಇದಿಲ್ಲದಿದ್ರೆ ಜನ ಕಾಣಲ್ಲ, ಒಳ್ಳೇದೇ. ನೋಡಿ, ನನ್ನ ಭಯವನ್ನೂ ನೀವೇ ಇಟ್ಕೊಂಡಿರಿ. ಹೇಗೂ ನಿಮಗೆ ಅಭ್ಯಾಸ. ನಾನು ಹಾಡಿ ಬಂದುಬಿಡ್ತೀನಿ."

ಅವನು ಹೋಗಿ ಮುಂದಿನ ಸಾಲಿನ ಕೊನೆಯಲ್ಲಿ ಕೂತ. ತೊಡೆಯ ಮೇಲೆ ಹೆಂಗಸರ ಬ್ಯಾಗು, ಮುಷ್ಟಿಯಲ್ಲಿ ಕನ್ನಡಕ, ಎದೆಯಲ್ಲಿ ಯಾರೋ ಬೆರಳು ತೆಗೆಯದೆ ಒತ್ತುತ್ತಿದ್ದ ಬೆಲ್ಲು. ಕಪಾಟು ಜೋಡಿಸಲು ಹೋಗಲಿಲ್ಲ. ಅವಳು ಶುರುಮಾಡಿದಳು, ಸಾಲು ಮೇಲಕ್ಕೆ ಹತ್ತಿತು, ಆ ಜಾಗ ಹತ್ತಿರ ಬಂತು. ಅವನು ಉಸಿರು ಹಿಡಿದ. ಕೆಮ್ಮು ಬರಲಿಲ್ಲ. ಸ್ವರ, ಸ್ನಾನದ ಮನೆಯದೇ, ಗೋಡೆ ನಡುಗಿಸುವಂಥದ್ದೇ, ಹಾಲಿನ ಚಾವಣಿಗೆ ಹೋಗಿ ಮುಟ್ಟಿತು. ಮುಟ್ಟಿದ ಮೇಲೆ ಅವಳು ಕಣ್ಣು ಬಿಟ್ಟು, ಗಂಡ ಕೂತಿರಬೇಕಾದ ಕಡೆ ನೋಡಿ, ಮುಖ ತುಂಬ ನಕ್ಕಳು. ಆ ನಗು ನೇರವಾಗಿ ಹೋಗಿ ಬಿದ್ದದ್ದು ಅವನಿಂದ ಮೂರು ಕುರ್ಚಿ ಆಚೆ ಕೂತಿದ್ದ ಬೋಳುತಲೆಯವನ ಮೇಲೆ. ಆ ಮನುಷ್ಯ ಗಾಬರಿಯಾಗಿ ಹಿಂದೆ ಮುಂದೆ ನೋಡಿ, ಕಡೆಗೆ ಮರ್ಯಾದೆಗೆ ತಾನೂ ನಕ್ಕ. ಅವನು ಮಾತ್ರ ಹತ್ತಿ ಅಂಟಿಸಿದ ತೋಳನ್ನು ಎತ್ತಿ, ಕನ್ನಡಕ ಹಿಡಿದ ಕೈಯನ್ನು, ಅವಳಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ, ಆಡಿಸುತ್ತಲೇ ಇದ್ದ.